ಲೇತ್ ಯಂತ್ರದ ಉಸ್ತಾದ್ ಹೆನ್ರಿ ಮಾಡ್‌ಸ್ಲೆ

ಈ ಸಲದ ಸಂಚಿಕೆಗೆ ಒಬ್ಬ ಮಹಾನ್ ವ್ಯಕ್ತಿಯ ಜೀವನ ಬರೆಯಬೇಕು ಎಂದು ಕನ್ನಡ ಮೇಡಂ ಹೇಳಿದಾಗ ನಮ್ಮ ತರಗತಿಯವರು ಅಬ್ದುಲ್ ಕಲಾಂ, ವಿಶ್ವೇಶ್ವರಯ್ಯ, ಟಿಪ್ಪು ಸುಲ್ತಾನ್ ಎಂದು ಹೆಸರು ಬರೆಸಿದರು. ನಾನು ಹೆನ್ರಿ ಮಾಡ್‌ಸ್ಲೆ ಎಂದೆ. ಕಾಮರ್ಸ್ ಓದುವವರಿಗೆ ಲೇತ್ ಯಂತ್ರದವರ ಸಹವಾಸ ಯಾಕೆ ಎಂದು ಎಲ್ಲರೂ ನಕ್ಕರು. ನನಗೆ ಈ ಹೆಸರು ಸಿಕ್ಕಿದ್ದು ನಮ್ಮ ಮನೆಯಲ್ಲಿ ನಡೆದ ಒಂದು ಜಗಳದಿಂದ. ಮೊದಲು ಅದನ್ನು ಹೇಳುತ್ತೇನೆ.

ನಮ್ಮ ಅಬ್ಬಾ ಟರ್ನರ್. ಅವರ ಶೆಡ್‌ನಲ್ಲಿ ಹರಿಹರದಲ್ಲಿ ತಯಾರಾದ ಹಳೆಯ ಕಿರ್ಲೋಸ್ಕರ್ ಲೇತ್ ಇದೆ. ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳ ಸವೆದ ಶಾಫ್ಟ್‌ಗಳನ್ನು ಅದರಲ್ಲಿ ಸರಿ ಮಾಡುತ್ತಾರೆ. ಭಾಯಿಜಾನ್ ಐಟಿಐ ಮುಗಿಸಿ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಲೇತ್ ಆಪರೇಟರ್ ಆಗಿದ್ದಾರೆ. ಅಲ್ಲಿ ಕೈಯಿಂದ ಹ್ಯಾಂಡಲ್ ತಿರುಗಿಸುವ ಕೆಲಸವಿಲ್ಲ. ಕಂಪ್ಯೂಟರ್‌ಗೆ ಕೊಟ್ಟ ಪ್ರೋಗ್ರಾಂ ಪ್ರಕಾರ ಟೂಲ್ ತಾನೇ ಓಡಾಡುತ್ತದೆ. ಪ್ರೋಗ್ರಾಂ ಎಂದರೆ ಸಾಲು ಸಾಲಾಗಿ ಬರೆದ ಅಪ್ಪಣೆಗಳು ಎಂದು ಭಾಯಿಜಾನ್ ನನಗೆ ತಿಳಿಸಿದ್ದಾರೆ. ಎಕ್ಸ್ ಎಂದರೆ ಜಾಬ್‌ನ ವ್ಯಾಸ, ಝಡ್ ಎಂದರೆ ಉದ್ದ. ಜಿ 00 ಎಂದರೆ ಕತ್ತರಿಸದೆ ಬೇಗ ಹೋಗು, ಜಿ 01 ಎಂದರೆ ಹೇಳಿದ ವೇಗದಲ್ಲಿ ಕತ್ತರಿಸುತ್ತಾ ಹೋಗು, ಎಂ 03 ಎಂದರೆ ಚಕ್ ತಿರುಗಿಸು, ಎಂ 30 ಎಂದರೆ ಪ್ರೋಗ್ರಾಂ ಮುಗಿಯಿತು.

ಒಂದು ರಾತ್ರಿ ಪಾಳಿಯಲ್ಲಿ ಭಾಯಿಜಾನ್ ಹೊಸ ಇನ್ಸರ್ಟ್ ಹಾಕಿ ಒಂದು ಶಾಫ್ಟ್ ಮಾಡಿದರು. 32 ಮಿ.ಮೀ. ಬರಬೇಕಾದ ಕಡೆ 32.05 ಬಂತು. ಹೆಚ್ಚಾದ 0.05 ಕಡಿಮೆ ಮಾಡಲು ಆಫ್‌ಸೆಟ್ ಪುಟದಲ್ಲಿ ಅಂಕಿ ಹಾಕುವಾಗ ಒಂದು ಸೊನ್ನೆ ಬಿಟ್ಟುಹೋಗಿ 0.5 ಆಯಿತು. ಮುಂದಿನದನ್ನು ಅಳೆಯದೆ ಸೈಕಲ್ ಸ್ಟಾರ್ಟ್ ಒತ್ತುತ್ತಾ ಹೋದರು. ನಾಲ್ಕು ಶಾಫ್ಟ್‌ಗಳು 31.55 ಆಗಿ ಸ್ಕ್ರ್ಯಾಪ್‌ಗೆ ಹೋದವು. ಅದೇ ತಿಂಗಳು ಅವರು ಸಂಬಳ ಹೆಚ್ಚಿಸಿ ಎಂದು ಕೇಳಿದ್ದರು. ಕೆಲಸವನ್ನೆಲ್ಲ ಮಷೀನ್ ಮಾಡುತ್ತದೆ, ನೀನು ಬಟನ್ ಒತ್ತುವವನು ಎಂಬ ಉತ್ತರ ಬಂತು. ಮನೆಗೆ ಬಂದು ಹೇಳಿದಾಗ ಅಬ್ಬಾ ಕೂಡ ಅದೇ ಅರ್ಥದ ಮಾತು ಆಡಿದರು. ಕೈಗೆ ಕೆಲಸ ಗೊತ್ತಿಲ್ಲದಿದ್ದರೆ ಹೀಗೇ ಆಗುತ್ತದೆ ಎಂದರು. ಎರಡು ದಿನ ಮನೆಯಲ್ಲಿ ಅಪ್ಪ ಮಗ ಮಾತನಾಡಲಿಲ್ಲ. ಹಾಗಾದರೆ ಕೈಯಲ್ಲಿದ್ದ ಕೆಲಸವನ್ನು ಯಂತ್ರಕ್ಕೆ ಕೊಟ್ಟವರು ಯಾರು ಎಂದು ನಾನು ಹುಡುಕಲು ಶುರು ಮಾಡಿದೆ. ಆಗ ಸಿಕ್ಕವರೇ ಮಾಡ್‌ಸ್ಲೆ.

ಹೆನ್ರಿ ಮಾಡ್‌ಸ್ಲೆ 1771ರ ಆಗಸ್ಟ್ 22ರಂದು ಇಂಗ್ಲೆಂಡಿನ ವುಲಿಚ್‌ನಲ್ಲಿ ಹುಟ್ಟಿದರು. ಅವರ ತಂದೆ ಸೈನ್ಯದಲ್ಲಿ ಬಂಡಿ ಚಕ್ರ ಮಾಡುವ ಬಡಗಿಯಾಗಿದ್ದರು. ಗಾಯಗೊಂಡ ಮೇಲೆ ವುಲಿಚ್ ಶಸ್ತ್ರಾಗಾರದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಮಾಡ್‌ಸ್ಲೆ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. 12ನೇ ವಯಸ್ಸಿಗೆ ಅವರು ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದರು. ಎರಡು ವರ್ಷದ ನಂತರ ಬಡಗಿ ವಿಭಾಗಕ್ಕೆ ಹಾಕಿದರು. ಆದರೆ ಅವರ ಮನಸ್ಸೆಲ್ಲ ಕಮ್ಮಾರಿಕೆಯ ಮೇಲೆ ಇತ್ತು. 15ನೇ ವಯಸ್ಸಿಗೆ ಕುಲುಮೆಗೆ ಸೇರಿ ಕಬ್ಬಿಣದ ಕೆಲಸದಲ್ಲಿ ಹೆಸರು ಮಾಡಿದರು.

ಆಗ ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬುವರು ಹೊಸ ಬಗೆಯ ಬೀಗ ಕಂಡುಹಿಡಿದಿದ್ದರು. ಬೀಗದೊಳಗಿನ ಸಣ್ಣ ಭಾಗಗಳನ್ನು ನಿಖರವಾಗಿ ಮಾಡುವವರು ಅವರಿಗೆ ಸಿಗುತ್ತಿರಲಿಲ್ಲ. ಮಾಡ್‌ಸ್ಲೆ ಅವರನ್ನು ಕರೆಸಿದರೆ 18 ವರ್ಷದ ಹುಡುಗ ಬಂದು ನಿಂತಿದ್ದ. ಏಳು ವರ್ಷ ಅಪ್ರೆಂಟಿಸ್ ಆಗಿರಬೇಕೆಂಬ ಆಗಿನ ಪದ್ಧತಿಯನ್ನು ಆತ ಪೂರೈಸಿರಲಿಲ್ಲ. ಪರೀಕ್ಷೆಗೆಂದು ಒಂದು ಸವೆದ ವೈಸ್ ಕೊಟ್ಟರು, ಸಂಜೆಯೊಳಗೆ ಅದನ್ನು ಹೊಸದರಂತೆ ಮಾಡಿ ಕೆಲಸ ಪಡೆದರು ಎಂದು ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ ಅವರು ಆ ಕಾರ್ಖಾನೆಯ ಫೋರ್‌ಮನ್ ಆದರು. ಬ್ರಾಮಾ ತಮ್ಮ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಕೀಲಿ ಇಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನ ಎಂದು ಬರೆಸಿದ್ದರು. ಆ ಬೀಗ ಮಾಡಿದ್ದು ಮಾಡ್‌ಸ್ಲೆ. ಅದು ಸೋತದ್ದು 1851ರಲ್ಲಿ. ಹಾಬ್ಸ್ ಎಂಬ ಅಮೆರಿಕದ ಬೀಗತಜ್ಞರು 16 ದಿನಗಳಲ್ಲಿ 50 ಗಂಟೆಗೂ ಹೆಚ್ಚು ಕಾಲ ಕುಳಿತು ಅದನ್ನು ತೆಗೆದರು. ಅಷ್ಟು ಹೊತ್ತಿಗೆ ಬ್ರಾಮಾ ಇಲ್ಲ, ಮಾಡ್‌ಸ್ಲೆಯೂ ಇಲ್ಲ.

ಇಷ್ಟು ಕೆಲಸ ಮಾಡಿದವರ ಸಂಬಳ ವಾರಕ್ಕೆ 30 ಶಿಲಿಂಗ್. ಒಂದು ಪೌಂಡಿಗೆ 20 ಶಿಲಿಂಗ್, ಅಂದರೆ ವಾರಕ್ಕೆ ಒಂದೂವರೆ ಪೌಂಡ್. ಅಷ್ಟರಲ್ಲಿ ಬ್ರಾಮಾ ಅವರ ಮನೆಯಲ್ಲಿ ಕೆಲಸಕ್ಕಿದ್ದ ಸಾರಾ ಅವರನ್ನು ಮದುವೆಯಾಗಿದ್ದರು, ಸಂಸಾರ ಬೆಳೆಯುತ್ತಿತ್ತು. 1797ರಲ್ಲಿ ಸಂಬಳ ಹೆಚ್ಚಿಸಿ ಎಂದು ಕೇಳಿದರು. ಬ್ರಾಮಾ ಒಪ್ಪಲಿಲ್ಲ. ಮಾಡ್‌ಸ್ಲೆ ಕೆಲಸ ಬಿಟ್ಟು ವೆಲ್ಸ್ ಸ್ಟ್ರೀಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಈ ಭಾಗ ಓದಿದಾಗ ನನಗೆ ಭಾಯಿಜಾನ್ ನೆನಪಾದರು.

ಈಗ ಲೇತ್ ವಿಷಯಕ್ಕೆ ಬರೋಣ. ಆ ಕಾಲದ ಟರ್ನರ್ ಉಳಿಯನ್ನು ಕೈಯಲ್ಲೇ ಹಿಡಿದು ತಿರುಗುವ ಲೋಹಕ್ಕೆ ಒತ್ತಬೇಕಿತ್ತು. ಕೈ ಸ್ವಲ್ಪ ನಡುಗಿದರೂ ಜಾಬ್ ಹಾಳು. ಸ್ಕ್ರೂಗಳ ಕಥೆ ಇನ್ನೂ ಕಷ್ಟ. ಒಂದು ಬೋಲ್ಟಿಗೆ ಮಾಡಿದ ನಟ್ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಬಿಚ್ಚಿದ ಯಂತ್ರವನ್ನು ಮತ್ತೆ ಜೋಡಿಸುವಾಗ ಯಾವ ನಟ್ ಯಾವುದರದು ಎಂದು ಹುಡುಕಬೇಕಿತ್ತು. ಮಾಡ್‌ಸ್ಲೆ ಟೂಲನ್ನು ಗಟ್ಟಿಯಾದ ಸ್ಲೈಡ್ ರೆಸ್ಟ್ ಮೇಲೆ ಕೂರಿಸಿದರು. ಅದನ್ನು ಮುಂದಕ್ಕೆ ಒಯ್ಯಲು ಒಂದು ಲೀಡ್ ಸ್ಕ್ರೂ ಇಟ್ಟರು. ಆ ಸ್ಕ್ರೂವನ್ನು ಗೇರ್‌ಗಳ ಮೂಲಕ ಚಕ್‌ನ ತಿರುಗುವಿಕೆಗೆ ಜೋಡಿಸಿದರು. ಜಾಬ್ ಒಂದು ಸುತ್ತು ತಿರುಗಿದರೆ ಟೂಲ್ ಇಷ್ಟೇ ದೂರ ಹೋಗುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಗೇರ್ ಬದಲಿಸಿದರೆ ಥ್ರೆಡ್ಡಿನ ಅಳತೆ ಬದಲಾಗುತ್ತದೆ. ಇಂಥ ಪ್ರಯತ್ನಗಳನ್ನು ಅವರಿಗಿಂತ ಮೊದಲೂ ಕೆಲವರು ಮಾಡಿದ್ದರು. ಆದರೆ ಪೂರ್ತಿ ಲೋಹದಲ್ಲಿ, ಕಾರ್ಖಾನೆಯಲ್ಲಿ ದಿನವೂ ಬಳಸುವಷ್ಟು ಗಟ್ಟಿಯಾಗಿ, ನಿಖರವಾಗಿ ಮಾಡಿದ ಕೀರ್ತಿ ಇವರದು. ಸಿಎನ್‌ಸಿ ಲೇತ್‌ನಲ್ಲೂ ಟೂಲನ್ನು ಸರಿಸುವುದು ಸ್ಕ್ರೂವೇ. ಗೇರ್ ಇದ್ದ ಜಾಗಕ್ಕೆ ಮೋಟರು, ಕಂಪ್ಯೂಟರು ಬಂದಿವೆ, ಅಷ್ಟೇ.

ಅಳತೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಒಂದು ಇಂಚಿನ ಹತ್ತು ಸಾವಿರದಲ್ಲಿ ಒಂದು ಭಾಗ ತೋರಿಸುವ ಮೈಕ್ರೋಮೀಟರ್ ಮಾಡಿ ತಮ್ಮ ಬೆಂಚಿನ ಮೇಲೆ ಇಟ್ಟುಕೊಂಡಿದ್ದರು. ಅದಕ್ಕೆ ಲಾರ್ಡ್ ಚಾನ್ಸಲರ್ ಎಂದು ಹೆಸರು, ಅಂದರೆ ಇಂಗ್ಲೆಂಡಿನ ದೊಡ್ಡ ನ್ಯಾಯಾಧಿಕಾರಿ. ವರ್ಕ್‌ಶಾಪಿನಲ್ಲಿ ಅಳತೆಯ ತಕರಾರು ಬಂದರೆ ಅದರ ತೀರ್ಪೇ ಕೊನೆ. ಐದು ಅಡಿ ಉದ್ದದ ಒಂದು ಸ್ಕ್ರೂವನ್ನೂ ಅವರು ಮಾಡಿದ್ದರು. ಅದರಲ್ಲಿ ಇಂಚಿಗೆ 50 ಥ್ರೆಡ್. ಅದರ ನಟ್ ಒಂದು ಅಡಿ ಉದ್ದ, ಒಳಗೆ 600 ಥ್ರೆಡ್!

ಅವರ ದೊಡ್ಡ ಆರ್ಡರ್ ಬಂದದ್ದು ನೌಕಾಪಡೆಯಿಂದ. ಹಡಗಿನ ಹಾಯಿ ಎಳೆಯಲು ಮರದ ರಾಟೆಗಳು ವರ್ಷಕ್ಕೆ ಲಕ್ಷದಷ್ಟು ಬೇಕಿದ್ದವು. ಮಾರ್ಕ್ ಬ್ರುನೆಲ್ ಎಂಬುವರು ಯೋಜನೆ ಹಾಕಿದರು, ಮಾಡ್‌ಸ್ಲೆ 40ಕ್ಕೂ ಹೆಚ್ಚು ಯಂತ್ರಗಳನ್ನು ಮಾಡಿಕೊಟ್ಟರು. ಪೋರ್ಟ್ಸ್‌ಮತ್ ಬಂದರಿನಲ್ಲಿ ಅವು ಓಡಲು ಶುರುವಾದ ಮೇಲೆ 110 ಕುಶಲ ಕೆಲಸಗಾರರ ಕೆಲಸವನ್ನು ಹೆಚ್ಚು ತರಬೇತಿ ಇಲ್ಲದ 10 ಜನ ಮಾಡಿದರು. 1808ರ ಹೊತ್ತಿಗೆ ವರ್ಷಕ್ಕೆ ಸುಮಾರು 1,30,000 ರಾಟೆಗಳು ತಯಾರಾದವು.

ನಾನು ಕಾಮರ್ಸ್‌ನವನಾದ್ದರಿಂದ ಇಲ್ಲಿ ಲೆಕ್ಕ ಹಾಕಿದೆ. ಕೂಲಿಯ ಖರ್ಚು ಎಷ್ಟು ಉಳಿಯಿತು ಎಂಬುದು ನೌಕಾಪಡೆಯ ಪುಸ್ತಕದಲ್ಲಿ ಲಾಭದ ಕಡೆ ಬರುತ್ತದೆ. ಉಳಿದ 100 ಜನರ ಮನೆಯ ಲೆಕ್ಕ ಯಾವ ಪುಸ್ತಕದಲ್ಲಿ ಬರುತ್ತದೆ? ಅಬ್ಬಾ ಅವರಿಗೆ ಸಿಎನ್‌ಸಿ ಎಂದರೆ ಯಾಕೆ ಸಿಟ್ಟು ಎಂದು ನನಗೆ ಆಗ ಅರ್ಥವಾಯಿತು. ಕಾರ್ಖಾನೆಗಳಿಂದ ಅವರ ಶೆಡ್‌ಗೆ ಬರುತ್ತಿದ್ದ ಕೆಲಸ ನಿಂತು ಎಷ್ಟೋ ವರ್ಷವಾಯಿತು. ಮಾಡ್‌ಸ್ಲೆಯ ಜೀವನದಲ್ಲಿ ಈ ಎರಡೂ ಮುಖಗಳಿವೆ, ಒಂದನ್ನೇ ಬರೆದರೆ ಸರಿಯಾಗುವುದಿಲ್ಲ.

ಆದರೆ ಅವರ ಸ್ವಂತ ವರ್ಕ್‌ಶಾಪಿನಲ್ಲಿ ಕೆಲಸಗಾರ ಎಂದೂ ಬಟನ್ ಒತ್ತುವವನಾಗಿರಲಿಲ್ಲ. 1810ರಲ್ಲಿ ಅವರು ಲ್ಯಾಂಬೆತ್‌ಗೆ ಬಂದು ದೊಡ್ಡ ಕಾರ್ಖಾನೆ ಕಟ್ಟಿದರು. ಅಲ್ಲಿ ಹಡಗುಗಳಿಗೆ ಉಗಿ ಇಂಜಿನ್ ತಯಾರಾಗುತ್ತಿತ್ತು. 1825ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತಾಗೆ ಬಂದ ಎಂಟರ್‌ಪ್ರೈಸ್ ಎಂಬ ಉಗಿ ಹಡಗಿನ ಇಂಜಿನ್ ಇವರ ಕಂಪನಿಯದೇ. ಅದಕ್ಕಿಂತ ಮುಖ್ಯ, ಅಲ್ಲಿ ಜನ ತಯಾರಾದರು. ರಿಚರ್ಡ್ ರಾಬರ್ಟ್ಸ್, ಜೇಮ್ಸ್ ನಾಸ್ಮಿತ್, ಜೋಸೆಫ್ ವಿಟ್‌ವರ್ತ್ ಎಲ್ಲರೂ ಇವರ ಕೈಕೆಳಗೆ ಕೆಲಸ ಮಾಡಿದವರು. ವಿಟ್‌ವರ್ತ್ 1841ರಲ್ಲಿ ಸ್ಕ್ರೂ ಥ್ರೆಡ್‌ಗಳಿಗೆ ಒಂದೇ ಅಳತೆಯ ಪಟ್ಟಿ ಸೂಚಿಸಿದರು. ಇನ್ನೊಬ್ಬ ಶಿಷ್ಯ ಜೋಸೆಫ್ ಕ್ಲೆಮೆಂಟ್, ಚಾರ್ಲ್ಸ್ ಬ್ಯಾಬೇಜ್ ಅವರ ಲೆಕ್ಕ ಮಾಡುವ ಯಂತ್ರದ ಭಾಗಗಳನ್ನು ತಯಾರಿಸಿದರು. ಬ್ಯಾಬೇಜ್ ಕಂಪ್ಯೂಟರ್‌ನ ಪಿತಾಮಹ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಮುಂದೆ 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ತೂತು ಹೊಡೆದ ಟೇಪ್ ಓದಿ ಕೆಲಸ ಮಾಡುವ ಮಿಲ್ಲಿಂಗ್ ಯಂತ್ರ ತೋರಿಸಿದರು. ಇಂದಿನ ಸಿಎನ್‌ಸಿ ಅದರ ಮೊಮ್ಮಗು.

1831ರ ಆರಂಭದಲ್ಲಿ ಮಾಡ್‌ಸ್ಲೆ ಫ್ರಾನ್ಸಿನಲ್ಲಿದ್ದ ಗೆಳೆಯರೊಬ್ಬರನ್ನು ನೋಡಿ ಬರುವಾಗ ಸಮುದ್ರದ ಚಳಿ ಹಿಡಿಯಿತು. ಫೆಬ್ರವರಿ 14ರಂದು ತೀರಿಕೊಂಡರು. ಆಗ ಅವರಿಗೆ 59 ವರ್ಷ. ಹುಟ್ಟಿದ ಊರು ವುಲಿಚ್‌ನಲ್ಲೇ ಅವರ ಸಮಾಧಿ ಆಯಿತು. ಅಲ್ಲಿಯ ಎರಕದ ಕಬ್ಬಿಣದ ಸ್ಮಾರಕದ ವಿನ್ಯಾಸ ಅವರೇ ಮಾಡಿದ್ದು.

ಈ ಜೀವನಕಥೆಯನ್ನು ನಾನು ಒಂದು ಭಾನುವಾರ ಮನೆಯಲ್ಲಿ ಉರ್ದುವಿನಲ್ಲಿ ಹೇಳಿದೆ. 30 ಶಿಲಿಂಗ್ ಭಾಗ ಬಂದಾಗ ಭಾಯಿಜಾನ್ ನಕ್ಕರು. ಲಾರ್ಡ್ ಚಾನ್ಸಲರ್ ಭಾಗ ಬಂದಾಗ ಸುಮ್ಮನಾದರು. ಅಬ್ಬಾ ಎದ್ದು, ಭಾಯಿಜಾನ್ ಪ್ರೋಗ್ರಾಂ ಬರೆದುಕೊಳ್ಳುವ ನೋಟ್‌ಬುಕ್ ತರಿಸಿ, ಜಿ 76 ಎಂದು ಇರುವ ಸಾಲು ಏನು ಮಾಡುತ್ತದೆ ಎಂದು ಕೇಳಿದರು. ಥ್ರೆಡ್ ಕತ್ತರಿಸುತ್ತದೆ ಎಂದು ಭಾಯಿಜಾನ್ ವಿವರಿಸಿದರು. ನಾನು ಗೇರ್ ಬದಲಿಸಿ ಮಾಡುವುದೂ ಇದೇ ಅಲ್ಲವೇ ಎಂದು ಅಬ್ಬಾ ಹೇಳಿದರು. ಆಮೇಲೆ ಇಬ್ಬರೂ ಶೆಡ್‌ಗೆ ಹೋದರು, ಊಟಕ್ಕೆ ಅಮ್ಮಿ ಎರಡು ಸಲ ಕರೆಯಬೇಕಾಯಿತು.

ಸಂಬಳದ ಮಾತು ಇನ್ನೂ ತೀರ್ಮಾನವಾಗಿಲ್ಲ. ಭಾಯಿಜಾನ್ ಪ್ರೋಗ್ರಾಂ ಬರೆಯುವುದನ್ನು ಪೂರ್ತಿ ಕಲಿತ ಮೇಲೆ ಇನ್ನೊಮ್ಮೆ ಕೇಳುತ್ತಾರಂತೆ. ಈಗ ಆಫ್‌ಸೆಟ್ ಬದಲಿಸಿದ ಪ್ರತಿ ಸಲ ಮುಂದಿನ ಜಾಬನ್ನು ಅಳೆದೇ ಸೈಕಲ್ ಸ್ಟಾರ್ಟ್ ಒತ್ತುತ್ತಾರೆ. ಸ್ನೇಹಿತರೇ, ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ನಾವು ಮುಂದೆ ಹೋಗುವುದಿಲ್ಲ. ಮಾಡ್‌ಸ್ಲೆ ತಮ್ಮ ಬೆಂಚಿನ ಮೇಲೆ ಇಟ್ಟುಕೊಂಡಿದ್ದ ಅಭ್ಯಾಸವೂ ಅದೇ.