ದರಿಯಾ ದೌಲತ್ ಗೋಡೆಯ ಟಿಪ್ಪು

ಹಾಸ್ಟೆಲಲ್ಲಿ ರಾತ್ರಿ ಎರಡರ ತನಕ ಅನಿಮೆ ನೋಡೋ ನಮಗೆ ಕಾಲ ಹಿಂದೆ ಮುಂದೆ ಆಗೋದು, ಅಳಿಸಿಹೋದ ನೆನಪು ಮರಳೋದು, ನಡುವೆ ಒಂದು ವಿಚಿತ್ರ ಯಂತ್ರ ಬರೋದು ಹೊಸದೇನಲ್ಲ. ಈ ಮೂರೂ ಇರೋ ಚಿತ್ರಕಥೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮ ಗೋಡೆ ಮೇಲಿದೆ. ಅದನ್ನು ಬರೆಸಿದವನು ಟಿಪ್ಪು ಸುಲ್ತಾನ್.

ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಅಪ್ಪ ಹೈದರ್ ಅಲಿಗೆ ಓದು ಬರಹ ಬರ್ತಿರಲಿಲ್ಲ. ಮಗನನ್ನು ಮಾತ್ರ ಚೆನ್ನಾಗಿ ಓದಿಸಿದ. 1771ರಲ್ಲಿ, ನಮ್ಮ ಪಾಂಡವಪುರ ಹತ್ತಿರದ ಚಿನಕುರಳಿಯಲ್ಲಿ, ಹೈದರನ ಸೇನೆ ಮರಾಠರ ಕೈಲಿ ನುಚ್ಚುನೂರಾಯಿತು. ಟಿಪ್ಪುಗೆ ಆಗಿನ್ನೂ ಇಪ್ಪತ್ತು, ಅಂದರೆ ನಮ್ಮ ವಯಸ್ಸು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಅಪ್ಪ ಮಗ ಸೇರಿ ಬ್ರಿಟಿಷ್ ಕರ್ನಲ್ ಬೈಲಿಯ ಪಡೆಯನ್ನೇ ಮುಗಿಸಿದರು. ಗೋಡೆ ಮೇಲಿರೋದು ಆ ದಿನ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ, ಸಿಡೀತಿರೋ ಮದ್ದಿನ ಗಾಡಿ, ಸಾಲು ಸಾಲು ಕುದುರೆ, ಎಲ್ಲ ಒಟ್ಟಿಗೆ. ಮಾಂಗಾದ ಹಾಗೆ ಚೌಕ ಹಾಕಿ ಕ್ಷಣಗಳನ್ನು ಬೇರೆ ಮಾಡಿಲ್ಲ, ನಮ್ಮ ಕಣ್ಣೇ ಓಡಾಡಿ ಕಥೆ ಜೋಡಿಸಿಕೊಳ್ಳಬೇಕು.

ಯಂತ್ರ ಯಾವುದು ಅಂದ್ರೆ ರಾಕೆಟ್. ಮದ್ದು ತುಂಬಿದ್ದು ಕಬ್ಬಿಣದ ಕೊಳವೆಗೆ. ಬಿದಿರು, ಕಾಗದ ಒಡೆದುಹೋಗೋ ಒತ್ತಡವನ್ನು ಕಬ್ಬಿಣ ತಡೆಯುತ್ತೆ. ಹಾಗಾಗಿ ದೂರ ಹೋಗುತ್ತೆ. ಮುಂದೆ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟಿಗೆ ಇದನ್ನೇ ಆಧಾರ ಮಾಡಿಕೊಂಡ.

1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಕಾಲವನ್ನೂ ಸುಮ್ಮನೆ ಬಿಡಲಿಲ್ಲ. ತಿಂಗಳ ಹೆಸರು ಬದಲಿಸಿದ, ವರ್ಷದ ಎಣಿಕೆಯನ್ನು ಪ್ರವಾದಿಯ ಜನನದಿಂದ ಶುರು ಮಾಡಿಸಿದ. ಕೊಡಗಿನವರನ್ನೂ ಮಂಗಳೂರಿನ ಕ್ರೈಸ್ತರನ್ನೂ ಸೆರೆ ಹಿಡಿಸಿ ಪಟ್ಟಣಕ್ಕೆ ಸಾಗಿಸಿದ್ದೂ ಇವನೇ. ಆ ಮನೆತನಗಳ ನೆನಪಿನ ಗೋಡೆಯಲ್ಲಿ ಬೇರೆಯದೇ ಚಿತ್ರ ಇದೆ, ಅದನ್ನು ಮರೆತು ಇವನ ಕಥೆ ಹೇಳೋಕಾಗಲ್ಲ.

1792ರಲ್ಲಿ ಕಾರ್ನ್‌ವಾಲಿಸ್ ಮುತ್ತಿಗೆ ಹಾಕಿದ. ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. ಗೋಡೆಯ ಚಿತ್ರವೂ ಮರೆಯಾಯಿತು. ಸುಲ್ತಾನನೇ ಸುಣ್ಣ ಬಳಿಸಿದ ಅಂತಾರೆ. ಗೆದ್ದ ದಿನದ ನೆನಪನ್ನು ತಾನೇ ಅಳಿಸಬೇಕಾಗಿ ಬಂದಾಗ ಹೇಗನ್ನಿಸಿರಬೇಕು!

1799ರ ಏಪ್ರಿಲ್‌ನಲ್ಲಿ, ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ, ಆರ್ಥರ್ ವೆಲ್ಲೆಸ್ಲಿಯ ತುಕಡಿ ರಾಕೆಟ್ಟು ಗುಂಡುಗಳ ನಡುವೆ ದಿಕ್ಕೆಟ್ಟು ಹಿಂದೆ ಸರಿಯಿತು. ತಿಂಗಳೊಳಗೆ, ಮೇ 4ರಂದು, ಕೋಟೆ ಬಿತ್ತು. ಟಿಪ್ಪು ಹೋರಾಡ್ತಾನೇ ಸತ್ತ. ಅದೇ ವೆಲ್ಲೆಸ್ಲಿ ದರಿಯಾ ದೌಲತ್‌ನಲ್ಲಿ ವಾಸಕ್ಕೆ ಬಂದು, ತನ್ನವರು ಸೋತ ಚಿತ್ರವನ್ನು ಸರಿ ಮಾಡಿಸಿದ.

ಅದೂ ಮಾಸಿತು. 1850ರ ದಶಕದಲ್ಲಿ ಡಾಲ್‌ಹೌಸಿ ಮತ್ತೆ ಬರೆಸಿದಾಗ, ಮೂಲಚಿತ್ರ ನೆನಪಿದ್ದ ಇಲ್ಲಿಯ ಒಬ್ಬ ಕಲಾವಿದ ಕುಂಚ ಹಿಡಿದ. ವೀಕೆಂಡಲ್ಲಿ ನಾವು ನೋಡಿ ಬರೋದು ಅವನ ನೆನಪಿನ ಪೊಳ್ಳಿಲೂರು.