ತರಬೇತುದಾರನನ್ನು ದೇವಾಲಯಕ್ಕೆ ಕರೆತಂದ ಹುಡುಗರು



ಫುಟ್‌ಬಾಲ್ ಎಂದರೆ ಗುರುಪುರದ ನಮಗೆ ಕಾಲಲ್ಲಿ ಒದೆಯುವ ಚೆಂಡು. ಇಲ್ಲಿನ ಟಿಬೆಟಿಯನ್ ಕ್ಯಾಂಪಿನ ಹುಡುಗರಿಗೂ ಅಚ್ಚುಮೆಚ್ಚಿನ ಆಟ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುತ್ತಾರೆ, ಎಸೆಯುತ್ತಾರೆ, ಅಡ್ಡ ಬಂದವರನ್ನು ಕೆಡವುತ್ತಾರೆ. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ಜಾತ್ರೆಯಂತೆ ಜನ ಸೇರುತ್ತಾರೆ. ಕೋಟಿಗಟ್ಟಲೆ ಹಣ ಹರಿಯುತ್ತದೆ. ಆ ಆಟದಲ್ಲಿ ದೊಡ್ಡ ಹೆಸರು ಮಾಡಿದ ನೂಟ್ ರಾಕ್ನಿ ಅವರ ಜೀವನವನ್ನು ಈ ವಾರ ನೋಡೋಣ.

ರಾಕ್ನಿ ಹುಟ್ಟಿದ್ದು 1888ರಲ್ಲಿ, ನಾರ್ವೆ ದೇಶದ ವೋಸ್ ಎಂಬ ಊರಿನ ಲೂಥರನ್ ಮನೆತನದಲ್ಲಿ. ಅವರು ಐದು ವರ್ಷದವರಿದ್ದಾಗ ಕುಟುಂಬ ಶಿಕಾಗೋ ನಗರಕ್ಕೆ ವಲಸೆ ಹೋಯಿತು. ಅಂಚೆ ಕಚೇರಿಯಲ್ಲಿ ದುಡಿದು ನಾಲ್ಕು ಕಾಸು ಕೂಡಿಸಿಕೊಂಡು, 22ನೆಯ ವಯಸ್ಸಿನಲ್ಲಿ ಅವರು ನೋಟ್ರ್ ಡೇಮ್ ವಿಶ್ವವಿದ್ಯಾನಿಲಯ ಸೇರಿದರು. ಅದು ಪವಿತ್ರ ಶಿಲುಬೆ ಸಭೆಯ ಗುರುಗಳು 1842ರಲ್ಲಿ ಸ್ಥಾಪಿಸಿದ ಕಥೋಲಿಕ ಸಂಸ್ಥೆ. ಓದು ಮುಗಿಸಿ ಅಲ್ಲಿಯೇ ರಸಾಯನಶಾಸ್ತ್ರ ಕಲಿಸಿದರು. 1918ರಲ್ಲಿ ತಂಡದ ಮುಖ್ಯ ತರಬೇತುದಾರರಾದರು. ಹದಿಮೂರು ವರ್ಷಗಳಲ್ಲಿ ಅವರ ತಂಡ ಗೆದ್ದದ್ದು 105 ಪಂದ್ಯ, ಸೋತದ್ದು ಕೇವಲ 12, ಸಮವಾದದ್ದು 5.

ಅಂದಿನ ಅಮೆರಿಕದಲ್ಲಿ ಕಥೋಲಿಕರೆಂದರೆ ಬಹುಮಟ್ಟಿಗೆ ಐರ್ಲೆಂಡ್, ಪೋಲೆಂಡ್, ಇಟಲಿಗಳಿಂದ ಬಂದ ಬಡ ಕೂಲಿಕಾರರು. ಕಥೋಲಿಕರನ್ನು ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಸಂಘದವರು 1924ರಲ್ಲಿ ಆ ವಿದ್ಯಾಲಯದ ಊರಿಗೇ ಬಂದು ಸೇರಿದಾಗ ಬೀದಿಯಲ್ಲಿ ಹೊಡೆದಾಟವೇ ನಡೆಯಿತು. ಇಂಥ ಕಾಲದಲ್ಲಿ ರಾಕ್ನಿಯವರ ಗೆಲುವು ಆ ಜನರೆಲ್ಲರ ಗೆಲುವಾಯಿತು. ಕಾಲೇಜಿನ ಮೆಟ್ಟಿಲು ಹತ್ತದ ನ್ಯೂಯಾರ್ಕಿನ ಕಾರ್ಮಿಕರೂ ಅದನ್ನು ತಮ್ಮ ತಂಡವೆಂದರು. ಟಿಕೆಟ್ ಹಣ ಹರಿದುಬಂತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣ 1930ರಲ್ಲಿ ಎದ್ದಿತು.

ಆದರೆ ರಾಕ್ನಿಯವರನ್ನು ಸೆಳೆದದ್ದು ಈ ಜಯಘೋಷವಲ್ಲ. ವಿದ್ಯಾರ್ಥಿಗಳ ಆತ್ಮಿಕ ಪಾಲಕರಾಗಿದ್ದ ಜಾನ್ ಓಹಾರಾ ಸ್ವಾಮಿಗಳು (ಮುಂದೆ ಕಾರ್ಡಿನಲ್ ಆದರು) ಅನುದಿನ ಪರಮಪ್ರಸಾದ ಸ್ವೀಕರಿಸುವಂತೆ ಹುಡುಗರನ್ನು ಪ್ರೋತ್ಸಾಹಿಸುತ್ತಿದ್ದರು. ಆಗಿನ ನಿಯಮದಂತೆ ಪರಮಪ್ರಸಾದಕ್ಕೆ ಮಧ್ಯರಾತ್ರಿಯಿಂದ ಉಪವಾಸವಿರಬೇಕಿತ್ತು. ಪಂದ್ಯಕ್ಕೆಂದು ಪರವೂರಿಗೆ ಹೋದಾಗಲೂ ಆಟಗಾರರು ಬೆಳಗಿನ ಜಾವ ನಿದ್ದೆ ಬಿಟ್ಟು, ಬರಿಹೊಟ್ಟೆಯಲ್ಲಿ ಪೂಜೆಗೆ ಹೋಗುವುದನ್ನು ರಾಕ್ನಿ ಕಂಡರು. ಮನೆಯಲ್ಲಿ ಪತ್ನಿ ಬಾನಿಯವರೂ ಕಥೋಲಿಕರೇ. ಕೊನೆಗೆ 1925ರ ನವೆಂಬರ್ 20ರಂದು, ವಿದ್ಯಾಲಯದ ಆವರಣದ ಮರದ ದಿಮ್ಮಿಗಳ ಪುಟ್ಟ ದೇವಾಲಯದಲ್ಲಿ, ಅವರು ಕಥೋಲಿಕ ಧರ್ಮಸಭೆಗೆ ಸೇರಿದರು.

ಇಲ್ಲಿಗೆ ಕಥೆ ಮುಗಿಯಿತೆಂದುಕೊಂಡಿರಾ? ಮರುತಿಂಗಳೇ ಶೋಧನೆ ಎದುರಾಯಿತು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದವರು ಅವರನ್ನು ಕರೆದರು. ಸಂಬಳ ವರ್ಷಕ್ಕೆ 25 ಸಾವಿರ ಡಾಲರ್ ಎಂದು ಪತ್ರಿಕೆಗಳು ಬರೆದವು. ರಾಕ್ನಿ ಒಪ್ಪಿಯೂಬಿಟ್ಟಿದ್ದರು. ಸುದ್ದಿ ಬಯಲಾದಾಗ ಮುಜುಗರಪಟ್ಟು ಹಿಂದೆ ಸರಿದರು. ದೈವಕೃಪೆ ಮನುಷ್ಯ ಸ್ವಭಾವವನ್ನು ಅಳಿಸಿಹಾಕುವುದಿಲ್ಲ, ಮೆಲ್ಲನೆ ತಿದ್ದುತ್ತದೆ. ಹೊಸದಾಗಿ ಸಭೆಗೆ ಸೇರಿದವರಲ್ಲಿ ಒಂದೇ ದಿನಕ್ಕೆ ಸಂತರನ್ನು ಹುಡುಕುವ ನಾವು ಇದನ್ನು ನೆನಪಿಡಬೇಕು.

1931ರ ಮಾರ್ಚ್ 31, ಪವಿತ್ರ ವಾರದ ಮಂಗಳವಾರ. ಚಲನಚಿತ್ರವೊಂದರ ಕೆಲಸಕ್ಕಾಗಿ ಲಾಸ್ ಏಂಜಲೀಸ್‌ಗೆ ಹೊರಟಿದ್ದ ರಾಕ್ನಿಯವರ ವಿಮಾನ ಕಾನ್ಸಾಸ್‌ನ ಬಯಲಿನಲ್ಲಿ ಬಿದ್ದು ಎಂಟೂ ಮಂದಿ ಮಡಿದರು. ಅವರಿಗೆ ಆಗ 43 ವರ್ಷ. ಪವಿತ್ರ ಶನಿವಾರದಂದು ವಿದ್ಯಾಲಯದ ದೇವಾಲಯದಲ್ಲಿ ಅಂತ್ಯಕ್ರಿಯೆಯ ವಿಧಿ ನಡೆಯಿತು.

ಓದುಗರೇ, ಅಂದಿನ ಹಣ ಇಂದು ನೂರ್ಮಡಿ ಬೆಳೆದಿದೆ. 2025ರಿಂದ ಅಲ್ಲಿನ ಕಾಲೇಜುಗಳು ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದು. ದುಡಿದವರಿಗೆ ಪಾಲು ಸಿಗುವುದು ನ್ಯಾಯವೇ. ತಂಡವನ್ನು ಪ್ರೀತಿಸುವುದೂ ತಪ್ಪಲ್ಲ; ಅವಮಾನಿತರಿಗೆ ಅದು ತಲೆಯೆತ್ತುವ ಧೈರ್ಯ ಕೊಟ್ಟಿತು. ಆದರೆ ನಮ್ಮ ಗೆಲುವನ್ನು ದೇವರ ಒಲವಿಗೆ ಸಾಕ್ಷಿಯೆನ್ನುವುದು ತಪ್ಪು. ಸೋತ ತಂಡದ ಹುಡುಗರೂ ಆತನ ಮಕ್ಕಳೇ. ನಿಮ್ಮ ಮಕ್ಕಳು ಪಂದ್ಯಕ್ಕೆ ಹೊರಡುವಾಗ ಗೆಲುವಿಗಾಗಿ ಅಲ್ಲ, ನೇರವಾಗಿ ಆಡುವ ಮನಸ್ಸಿಗಾಗಿ ಪ್ರಾರ್ಥಿಸಲು ಕಲಿಸಿ.

ಆ ಹುಡುಗರು ರಾಕ್ನಿಯವರಿಗೆ ಬೋಧನೆ ಮಾಡಲು ಹೊರಟವರಲ್ಲ. ಹಸಿದ ಹೊಟ್ಟೆಯಲ್ಲಿ ಪೂಜೆಗೆ ಹೋದರು, ಅಷ್ಟೆ. ತಾಯಿತಂದೆಯರೇ, ಭಾನುವಾರ ಬೆಳಿಗ್ಗೆ ನಿಮ್ಮ ಮನೆಯಿಂದ ಪೂಜೆಗೆ ಹೊರಡುವವರನ್ನು ನೆರೆಮನೆಯವರು ನೋಡುತ್ತಿರುತ್ತಾರೆ.