ಭೋಜದ ಸಾತಗೌಡರು: ಹೊಲದ ಬದುವಿನಿಂದ ಕುಂಥಲಗಿರಿಯವರೆಗೆ



ನಮ್ಮ ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಠೇವು, ಸಾಲ, ಲಾಭ-ಹಾನಿಯ ಲೆಕ್ಕ ಇದ್ದೇ ಇರುತ್ತದೆ. ಅದರ ಸಂಗಡ ನಮ್ಮ ಮಣ್ಣಿನಲ್ಲೇ ಬೆಳೆದ ಒಬ್ಬ ಮಹಾತ್ಮರ ನೆನಪೂ ಇರಲಿ ಎಂದು ಈ ನಾಲ್ಕು ಮಾತು. ಅವರೇ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು. ದೇಶದ ತುಂಬ ಅವರ ಹೆಸರು ಗೊತ್ತು. ಆದರೆ ಅವರು ನಿಪ್ಪಾಣಿ ಸೀಮೆಯ ಭೋಜ ಗ್ರಾಮದ ಒಬ್ಬ ಒಕ್ಕಲಿಗರಾಗಿದ್ದರು, ನಾಲ್ವತ್ತು ವರ್ಷ ವಯಸ್ಸಿನವರೆಗೂ ನಮ್ಮ ನಿಮ್ಮಂತೆಯೇ ಹೊಲ ಮನಿ ನೋಡಿಕೊಂಡಿದ್ದರು ಎಂಬುದು ನಮ್ಮ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಇಲ್ಲಿ ಮುನಿಗಳಾದ ಮೇಲಿನ ಮಾತಿಗಿಂತ ಒಕ್ಕಲಿಗ ಸಾತಗೌಡರ ಮಾತೇ ಹೆಚ್ಚು.

ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಮಗ್ಗುಲಿಗೆ ಭೋಜ ಊರು. ಆಗ ಅದು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆ, ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಈಗ ನಿಪ್ಪಾಣಿ ತಾಲೂಕು. ಊರಿನ ಪಾಟೀಲ ಮನೆತನದ ಭೀಮಗೌಡರು ಮತ್ತು ಸತ್ಯವತಿಯವರ ಮಗನಾಗಿ 1872ರಲ್ಲಿ ಸಾತಗೌಡರು ಹುಟ್ಟಿದರು. ಹುಟ್ಟಿದ್ದು ತಾಯಿಯ ತವರಾದ ಯಳಗುಡದಲ್ಲಿ, ಬೆಳೆದದ್ದು ಭೋಜದಲ್ಲಿ. ಆದಿಗೌಡ, ದೇವಗೌಡ ಅಣ್ಣಂದಿರು, ಕುಮಗೌಡ ತಮ್ಮ, ಕೃಷ್ಣಾಬಾಯಿ ತಂಗಿ. ತುಂಬಿದ ಮನಿ. ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ಮನೆಯಲ್ಲಿ ಕನ್ನಡ ಮರಾಠಿ ಎರಡೂ ನಡೆಯುತ್ತಿದ್ದವು. ಈ ಗಡಿನಾಡಿನಲ್ಲಿ ಇಂದೂ ಹಾಗೇ ಅಲ್ಲೇನ್ರಿ?

ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲೇ ಅವರ ಮದುವೆಯಾಯಿತು. ಹುಡುಗಿ ಇನ್ನೂ ಎಳೆ ಕೂಸು. ಆರೇಳು ತಿಂಗಳೂ ಕಳೆಯಲಿಲ್ಲ, ಆ ಕೂಸು ತೀರಿಹೋಯಿತು. ಮುಂದೆ ಪ್ರಾಯಕ್ಕೆ ಬಂದಾಗ ಹಿರಿಯರು ಮತ್ತೆ ಮದುವೆಯ ಮಾತು ತೆಗೆದರು. ಸಾತಗೌಡರು ಒಪ್ಪಲಿಲ್ಲ. ಹದಿನೆಂಟರ ಹೊತ್ತಿಗೆ ಮನೆ ಬಿಟ್ಟು ದೀಕ್ಷೆ ತೆಗೆದುಕೊಳ್ಳುವ ಆಸೆ ಹುಟ್ಟಿತು. ಆದರೆ ತಾಯಿ-ತಂದೆ, ತಾವು ಇರುವತನಕ ಮನೆಯಲ್ಲೇ ಇದ್ದು ಧರ್ಮ ಮಾಡು ಎಂದು ಕೇಳಿಕೊಂಡರು. ಸಾತಗೌಡರು ಆ ಮಾತಿಗೆ ಒಪ್ಪಿದರು. ಹೀಗೆ ಒಪ್ಪಿಕೊಂಡು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾದರು. ಮನಸ್ಸು ಒಂದು ಕಡೆ, ಕರ್ತವ್ಯ ಒಂದು ಕಡೆ ಎಳೆಯುವಾಗ ಮನುಷ್ಯ ಸಿಡಿಮಿಡಿಯಾಗುವುದು ಸಹಜ. ಇವರು ಮಾತ್ರ ಕರ್ತವ್ಯದ ಒಳಗೇ ಸಮಾಧಾನದ ದಾರಿ ಹುಡುಕಿದರು.

ಆ ದಾರಿ ಹೊಲದಲ್ಲೇ ಇತ್ತು. ಸಾತಗೌಡರದು ಕಟ್ಟುಮಸ್ತಾದ ಮೈ. ಬಾವಿಯಿಂದ ನೀರೆತ್ತುವಾಗ ಎತ್ತು ಎಳೆಯುವ ಭಾರವನ್ನು ತಾವೊಬ್ಬರೇ ಎಳೆಯುತ್ತಿದ್ದರು ಎಂದು ಹೇಳುತ್ತಾರೆ. ಜೋಳ ತೆನೆಗಟ್ಟಿದಾಗ ಹಕ್ಕಿ ಕಾಯುವುದು ಎಲ್ಲ ಒಕ್ಕಲಿಗರ ಕೆಲಸ. ಕವಣೆ ಬೀಸಿ, ಕೂಗು ಹಾಕಿ ಓಡಿಸಬೇಕು. ಸಾತಗೌಡರು ಹೊಲಕ್ಕೆ ಕಾಯಲು ಹೋದರೆ ಹಕ್ಕಿಗಳಿಗೆ ಬೆನ್ನು ಮಾಡಿ ಕೂಡುತ್ತಿದ್ದರಂತೆ. ತಿಂದ ಮೇಲೆ ಅವಕ್ಕೆ ನೀರಡಿಕೆಯಾಗುತ್ತದೆ ಎಂದು ಪಾತ್ರೆಯಲ್ಲಿ ನೀರನ್ನೂ ಇಡುತ್ತಿದ್ದರಂತೆ. ಸುಗ್ಗಿಯಲ್ಲಿ ನೋಡಿದರೆ ಅವರ ರಾಶಿ ಮಂದಿಗಿಂತ ಕಡಿಮೆ ಬಂದಿರುತ್ತಿರಲಿಲ್ಲ ಎಂದು ಊರಲ್ಲಿ ಹೇಳುತ್ತ ಬಂದಿದ್ದಾರೆ. ರಾಶಿಯ ಲೆಕ್ಕವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ತನ್ನ ಬೆವರಿನ ಬೆಳೆಯಲ್ಲಿ ಇನ್ನೊಂದು ಜೀವದ ಪಾಲೂ ಇದೆ ಎಂದು ತಿಳಿದವನಿಗೆ ಬೆಳೆ ಹೋದಾಗ ಆಗುವ ದುಃಖ ಬೇರೆ ತರಹ ಇರುತ್ತದೆ. ಎಲ್ಲ ನನ್ನದೇ ಎನ್ನುವವನಿಗೆ ಒಂದು ತೆನೆ ಹೋದರೂ ನಿದ್ದಿ ಬರುವುದಿಲ್ಲ.

ಮನೆಯಲ್ಲಿ ಬಟ್ಟೆ ಅಂಗಡಿಯೂ ಇತ್ತು. ಹೆಚ್ಚಾಗಿ ತಮ್ಮ ಕುಮಗೌಡರು ನೋಡಿಕೊಳ್ಳುತ್ತಿದ್ದರು. ಅವರಿಲ್ಲದಾಗ ಸಾತಗೌಡರು ಕೂಡುತ್ತಿದ್ದರು. ಗಿರಾಕಿ ಬಂದರೆ ಬೇಕಾದ ಬಟ್ಟೆ ತಾವೇ ಆರಿಸಿ, ತಾವೇ ಗಜ ಹಿಡಿದು ಅಳೆದು, ತಾವೇ ವಹಿಯಲ್ಲಿ ಬರೆದು ಹೋಗಲು ಬಿಡುತ್ತಿದ್ದರಂತೆ. ವ್ಯಾಪಾರದ ಲೆಕ್ಕದಲ್ಲಿ ಇದು ಹುಚ್ಚುತನ. ಆದರೆ ಸಹಕಾರದ ಲೆಕ್ಕದಲ್ಲಿ ಯೋಚಿಸಿ ನೋಡ್ರಿ. ನಮ್ಮ ಸಂಘಗಳು ನಿಂತಿರುವುದು ಕೀಲಿ ಕೈ ಮೇಲಲ್ಲ, ಒಬ್ಬರ ಮೇಲೊಬ್ಬರು ಇಟ್ಟ ನಂಬಿಗೆ ಮೇಲೆ.

ಅವರ ಗೆಳೆಯರಲ್ಲಿ ರುದ್ರಪ್ಪ ಎಂಬ ಲಿಂಗಾಯತರು ಒಬ್ಬರು. ಇಬ್ಬರೂ ಕೂಡಿ ಕುಳಿತರೆ ಧರ್ಮ, ಆತ್ಮ ಎಂದು ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮುಂಬಯಿ ಇಲಾಖೆಯಲ್ಲಿ 1896ರಿಂದ ಪ್ಲೇಗು ಹಬ್ಬಿತು. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲ ಅದು. ಹೆತ್ತವರ ಹೆಣ ಮುಟ್ಟಲಿಕ್ಕೂ ಮಂದಿ ಅಂಜುತ್ತಿದ್ದರು. ಅಂಥ ಪ್ಲೇಗು ರುದ್ರಪ್ಪನವರಿಗೂ ಬಡಿಯಿತು. ಸಾತಗೌಡರು ಅಂಜದೆ ಗೆಳೆಯನ ಬಳಿ ಹೋಗಿ ಕುಳಿತು, ಕಡೇ ಗಳಿಗೆಯಲ್ಲಿ ಮನಸ್ಸು ಶಾಂತವಾಗಿರಲೆಂದು ಭಗವಂತನ ನಾಮ ಕೇಳಿಸುತ್ತ ಇದ್ದರು ಎಂದು ಅವರ ಚರಿತ್ರೆಯಲ್ಲಿ ಬಂದಿದೆ. ಜಾತಿ ಬೇರೆ, ಬಸ್ತಿ-ಮಠ ಬೇರೆ. ಆದರೆ ಸಾವಿನ ಮಗ್ಗುಲಲ್ಲಿ ಕುಳಿತ ಪ್ರೀತಿ ಒಂದೇ.

ಇಲ್ಲಿ ಒಂದು ಮಾತು ತಿಳಿಸಬೇಕು. ಜೈನರ ನಂಬಿಕೆಯಲ್ಲಿ ಭಗವಂತ ಕಷ್ಟ ಕೊಡುವವನೂ ಅಲ್ಲ, ಕಷ್ಟ ಕಳೆಯುವವನೂ ಅಲ್ಲ. ಆತ ರಾಗದ್ವೇಷ ಗೆದ್ದು ನಿಂತವನು. ಹಾಗಾದರೆ ಬಸ್ತಿಗೆ ಹೋಗಿ ಕೈ ಮುಗಿಯುವುದು ಯಾತಕ್ಕೆ? ಆ ಶಾಂತಮೂರ್ತಿಯನ್ನು ನೋಡನೋಡುತ್ತ ನಮ್ಮ ಒಳಗಿನ ಕುದಿತ ಆರುತ್ತದೆ, ನಾವೂ ಹಾಗೆ ಆಗಬಹುದು ಎಂಬ ಧೈರ್ಯ ಬರುತ್ತದೆ, ಅದಕ್ಕೆ. ವಿಠ್ಠಲನ ಭಕ್ತರು, ಬಸವಣ್ಣನವರ ಅನುಯಾಯಿಗಳು, ದರ್ಗಾಕ್ಕೆ ನಡೆದುಕೊಳ್ಳುವವರು ಇದನ್ನೇ ದೇವರ ಪ್ರೀತಿ, ದೇವರ ದಯೆ ಎಂದು ಕರೆಯುತ್ತಾರೆ. ಹೆಸರು ಬೇರೆಯಾದರೂ ಅನುಭವ ದೂರದ್ದಲ್ಲ. ಸಾತಗೌಡರ ಬದುಕಿನಲ್ಲಿ ಆ ಪ್ರೀತಿ ಬೇಡಿ ಪಡೆದದ್ದಾಗಿರಲಿಲ್ಲ, ಜೀವಜಂತುಗಳಿಗೆ ಹಂಚಿದ್ದಾಗಿತ್ತು. ಹಂಚುತ್ತ ಹಂಚುತ್ತ ತಮಗೂ ಸಮಾಧಾನ ಸಿಕ್ಕಿತು.

ಮುನಿಗಳ ಸೇವೆ ಎಂದರೆ ಅವರಿಗೆ ಜೀವ. ಆದಿಸಾಗರರೆಂಬ ಮುನಿಗಳು ಭೋಜಕ್ಕೆ ಬಂದಾಗ ಅವರನ್ನು ಹೆಗಲ ಮೇಲೆ ಹೊತ್ತು ಸಂಗಮದ ನೀರು ದಾಟಿಸುತ್ತಿದ್ದರು. ಮೂವತ್ತೆರಡರ ವಯಸ್ಸಿಗೆ ಸಮ್ಮೇದ ಶಿಖರಜಿ ಯಾತ್ರೆಗೆ ಹೋದಾಗ, ಬೆಟ್ಟ ಏರಲಾರದ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರು. ಆ ಯಾತ್ರೆಯಲ್ಲೇ ತುಪ್ಪ ಎಣ್ಣೆ ಬಿಟ್ಟರು. ಮನೆಗೆ ಬಂದ ಮೇಲೆ ದಿನಕ್ಕೆ ಒಂದೇ ಊಟ.

1909ರ ಸುಮಾರಿಗೆ ತಂದೆ ಭೀಮಗೌಡರು ತೀರಿಕೊಂಡರು. ಮೂರು ವರ್ಷಕ್ಕೆ ತಾಯಿಯೂ ಹೋದರು. ಇಬ್ಬರನ್ನೂ ಕಡೇತನಕ ನೋಡಿಕೊಂಡು, ಕೊಟ್ಟ ಮಾತು ನಡೆಸಿ, ಆಮೇಲೆ ಸಾತಗೌಡರು ಹೊಸ್ತಿಲು ದಾಟಿದರು. 1915ರ ಸುಮಾರಿಗೆ ಕೊಲ್ಹಾಪುರ ಸೀಮೆಯ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ. ಆಗ ಇಟ್ಟ ಹೆಸರೇ ಶಾಂತಿಸಾಗರ. 1920ರಲ್ಲಿ ನಮ್ಮ ಯರನಾಳದಲ್ಲಿ ಮುನಿ ದೀಕ್ಷೆ. 1924ರಲ್ಲಿ ಸಾಂಗಲಿ ಹತ್ತಿರದ ಸಮಡೋಳಿಯಲ್ಲಿ ಆಚಾರ್ಯ ಪದವಿ.

ಮಠ ಮಂದಿರ ಬಿಟ್ಟರೆ ಕಷ್ಟ ತಪ್ಪಿತು ಎಂದು ತಿಳಿಯಬಾರದು. ಆಗ ದಿಗಂಬರ ಮುನಿಗಳ ಪರಂಪರೆ ಕ್ಷೀಣವಾಗಿತ್ತು. ಮೊದಲೇ ಗೊತ್ತು ಮಾಡಿದ ಮನೆಯಲ್ಲಿ ಆಹಾರ ತೆಗೆದುಕೊಳ್ಳುವ ರೂಢಿ ಬಂದುಬಿಟ್ಟಿತ್ತು. ಶಾಸ್ತ್ರದಲ್ಲಿ ಹಾಗಿಲ್ಲ ಎಂದು ಶಾಂತಿಸಾಗರರು ಆ ರೂಢಿ ಬಿಟ್ಟರು. ಜನರಿಗೆ ಹಳೆಯ ವಿಧಿ ಮರೆತು ಹೋಗಿತ್ತು, ಹಾಗಾಗಿ ಎಷ್ಟೋ ದಿನ ಉಪವಾಸವೇ ಗತಿಯಾಯಿತು. ಅವರು ಬೇಸರಿಸಲಿಲ್ಲ. ಜನರೇ ನಿಧಾನಕ್ಕೆ ಕಲಿತುಕೊಂಡರು. ಕೊಗನೋಳಿ, ಕೊಣ್ಣೂರು ಕಡೆ ಧ್ಯಾನಕ್ಕೆ ಕುಳಿತಾಗ ಹಾವು ಮೈಮೇಲೆ ಹರಿದುಹೋದರೂ ಅಲುಗಲಿಲ್ಲ ಎಂದು ಇಂದಿಗೂ ಹೇಳುತ್ತಾರೆ.

1927ರಲ್ಲಿ ಸಂಘ ಸಮೇತ ಕಾಲ್ನಡಿಗೆಯಲ್ಲಿ ಹೊರಟು 1928ರಲ್ಲಿ ಶಿಖರಜಿ ಮುಟ್ಟಿದರು. ಮುಂದೆ ಉತ್ತರ ಭಾರತವೆಲ್ಲ ಸಂಚಾರವಾಯಿತು. ಧೌಲಪುರ ಸೀಮೆಯ ರಾಜಾಖೇಡಾದಲ್ಲಿ ಕೆಲವರು ಆಯುಧ ಹಿಡಿದು ಸಂಘದ ಮೇಲೆ ಬಿದ್ದರು. ಪೊಲೀಸರು ಹಲ್ಲೆ ಮಾಡಿದವರನ್ನು ಹಿಡಿದರು. ಆಚಾರ್ಯರು ಮಾತ್ರ ಅವರನ್ನು ಬಿಡುವತನಕ ಆಹಾರ ತೆಗೆದುಕೊಳ್ಳುವುದಿಲ್ಲ ಎಂದು ಕುಳಿತು ಬಿಡಿಸಿದರು. ಭೋಜದ ಹೊಲದಲ್ಲಿ ಹಕ್ಕಿಗಳಿಗೆ ಬೆನ್ನು ಮಾಡಿ ಕುಳಿತ ಸಾತಗೌಡರೇ ಇಲ್ಲಿಯೂ ಕಾಣುತ್ತಾರೆ.

1944ರಲ್ಲಿ ಅವರ ಪ್ರೇರಣೆಯಿಂದ ಜಿನವಾಣಿ ಜೀರ್ಣೋದ್ಧಾರಕ ಸಂಸ್ಥೆ ಹುಟ್ಟಿತು. ಮೂಡಬಿದಿರೆಯಲ್ಲಿದ್ದ ಧವಲ, ಜಯಧವಲ, ಮಹಾಬಂಧ ಗ್ರಂಥಗಳ ತಾಳೆಗರಿಗಳಿಗೆ ಹುಳ ಹತ್ತಿದ್ದನ್ನು ಕೇಳಿ ಅವರು ಮರುಗಿದ್ದರು. ಭಕ್ತರು ಹಣ ಕೂಡಿಸಿ ಆ ಗ್ರಂಥಗಳನ್ನು ತಾಮ್ರಪಟದಲ್ಲಿ ಕೊರೆಸಿದರು. ಅವು ಫಲಟಣದಲ್ಲಿವೆ. ಶಾಲೆ ಅಷ್ಟಕ್ಕಷ್ಟೆ ಕಲಿತ ಒಕ್ಕಲಿಗ ಗೌಡರಿಂದ ಸಾವಿರ ವರ್ಷದ ವಿದ್ಯೆ ಉಳಿಯಿತು.

ಅವರ ಎಲ್ಲ ನಿಲುವುಗಳನ್ನೂ ಎಲ್ಲರೂ ಒಪ್ಪಿದ್ದರು ಎಂದು ಹೇಳಲಾಗದು. ಮುಂಬಯಿ ಸರಕಾರದ 1947ರ ಹರಿಜನ ದೇವಾಲಯ ಪ್ರವೇಶ ಕಾನೂನು ಜೈನ ಬಸ್ತಿಗಳಿಗೆ ಅನ್ವಯಿಸಬಾರದು, ಜೈನ ಧರ್ಮ ಸ್ವತಂತ್ರ ಧರ್ಮ ಎಂದು ಅವರು ಅನ್ನ ಬಿಟ್ಟರು. 1948ರಿಂದ 1951ರವರೆಗೆ, ಮೂರು ವರ್ಷ ಮಿಕ್ಕಿ ಧಾನ್ಯ ಮುಟ್ಟಲಿಲ್ಲ. ಮುಂಬಯಿ ಹೈಕೋರ್ಟಿನ ತೀರ್ಪು ಬಂದ ಮೇಲೆಯೇ ಮುಟ್ಟಿದ್ದು. ಜೈನ ಸಮಾಜದ ಒಳಗೂ ಇದರ ಬಗ್ಗೆ ಭಿನ್ನಾಭಿಪ್ರಾಯ ಇತ್ತು. ದೇವರ ಬಾಗಿಲು ಯಾರಿಗೂ ಮುಚ್ಚಿರಬಾರದು ಎಂದು ಇಂದು ನಾವು ತಿಳಿಯುತ್ತೇವೆ. ಹಿರಿಯರ ಜೀವನದಿಂದ ಕಲಿಯುವಾಗ ಇದನ್ನೂ ಮುಚ್ಚಿಡದೆ ಹೇಳುವುದೇ ಸರಿ.

ಕಡೆಯ ವರ್ಷಗಳಲ್ಲಿ ಕಣ್ಣು ಮಂಜಾದವು. ನಡೆಯುವಾಗ ಕಾಲ ಕೆಳಗೆ ಇರುವೆ ಸಿಕ್ಕರೂ ಕಾಣದು, ಆಹಾರದಲ್ಲಿ ಜೀವ ಇದ್ದರೂ ತಿಳಿಯದು. ಅಹಿಂಸೆ ಪಾಲಿಸಲಾಗದ ದೇಹ ಇನ್ನು ಸಾಕು ಎಂದು 1955ರ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರದ ಕುಂಥಲಗಿರಿ ಕ್ಷೇತ್ರದಲ್ಲಿ ಸಲ್ಲೇಖನ ವ್ರತ ತೆಗೆದುಕೊಂಡರು. ಆಚಾರ್ಯ ಪದವಿಯನ್ನು ಶಿಷ್ಯ ವೀರಸಾಗರರಿಗೆ ಒಪ್ಪಿಸಿದರು. ಲಕ್ಷಗಟ್ಟಲೆ ಮಂದಿ ದರ್ಶನಕ್ಕೆ ಬಂದರು. 36ನೆಯ ದಿನ, 1955ರ ಸೆಪ್ಟೆಂಬರ್ 18ರ ಬೆಳಿಗ್ಗೆ, ಶಾಂತರಾಗಿ ದೇಹ ಬಿಟ್ಟರು. ಮುನಿಗಳಾಗಿದ್ದ 35 ವರ್ಷಗಳಲ್ಲಿ 9,938 ದಿನ ಉಪವಾಸ ಮಾಡಿದ್ದರು ಎಂದು ಅವರ ಚರಿತ್ರೆಯಲ್ಲಿ ಲೆಕ್ಕವಿದೆ.

ಅವರ ಬೀಜ ನಮ್ಮ ಸೀಮೆಯಲ್ಲೇ ಮತ್ತೆ ಮೊಳೆಯಿತು. ಅಣ್ಣ ದೇವಗೌಡರು ವರ್ಧಮಾನಸಾಗರ ಮುನಿಗಳಾದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿ 2024ರಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾಸಾಗರರಿಗೆ ಬಾಲ್ಯದಲ್ಲಿ ಶಾಂತಿಸಾಗರರ ಪ್ರವಚನ ಕೇಳಿಯೇ ವೈರಾಗ್ಯ ಹುಟ್ಟಿತು ಎನ್ನುತ್ತಾರೆ.

ಬಾಂಧವರೇ, 2005, 2019, 2021ರಲ್ಲಿ ದೂಧಗಂಗಾ ವೇದಗಂಗಾ ಉಕ್ಕಿ ಬಂದು ನಮ್ಮ ಕಬ್ಬು, ಸೋಯಾ, ಮನೆ ಮಾರು ಮುಳುಗಿದ್ದನ್ನು ಕಂಡಿದ್ದೇವೆ. ತಂಬಾಕಿನ ಧಾರಣಿ ಬಿದ್ದು ಕೈ ಹಿಡಿದು ಕುಳಿತ ವರ್ಷಗಳೂ ಇವೆ. ಅಂಥ ಹೊತ್ತಿನಲ್ಲಿ ದೇವರು ಎಲ್ಲಿದ್ದಾನೆ ಎಂದು ಕೇಳುವುದು ತಪ್ಪಲ್ಲ. ಹೆಂಡತಿಯಾಗಿ ಬಂದ ಕೂಸು, ಗೆಳೆಯ, ತಂದೆ, ತಾಯಿ, ಹೀಗೆ ಒಬ್ಬೊಬ್ಬರನ್ನೇ ಕಳೆದುಕೊಂಡ ಸಾತಗೌಡರಿಗೆ ಉತ್ತರ ಆಕಾಶದಿಂದ ಬರಲಿಲ್ಲ. ಹೊಲದಲ್ಲಿ ಇಟ್ಟ ನೀರಿನ ಪಾತ್ರೆಯಲ್ಲಿ, ರೋಗಿಯ ಹಾಸಿಗೆಯ ಮಗ್ಗುಲಲ್ಲಿ, ಹೆಗಲ ಮೇಲಿನ ಮುದುಕಿಯ ಭಾರದಲ್ಲಿ ಸಿಕ್ಕಿತು. ಮಹಾಪೂರದಾಗ ನೆರೆಮನೆಯವರಿಗೆ ರೊಟ್ಟಿ ಕಟ್ಟಿಕೊಟ್ಟ ನಮ್ಮ ತಾಯಂದಿರಿಗೂ ಅದು ಅಷ್ಟಿಷ್ಟು ಸಿಕ್ಕಿದೆ.

ಅಡಚಣೆಯಲ್ಲಿರುವ ಸದಸ್ಯನ ಮನೆಗೆ ವಸೂಲಿಯ ನೋಟೀಸಿಗಿಂತ ಮೊದಲು ಒಬ್ಬ ಮನುಷ್ಯ ಹೋಗಿ ಕುಶಲ ಕೇಳಿ ಬರಲಿ. ಭೋಜದ ಸಾತಗೌಡರನ್ನು ನೆನೆಯುವ ರೀತಿ ಅದೇ. ರಜತ ಮಹೋತ್ಸವದ ಈ ವರ್ಷದಿಂದ ನಮ್ಮ ಸಂಘ ಅದನ್ನು ಒಂದು ಪದ್ಧತಿ ಮಾಡಿಕೊಳ್ಳಲಿ, ಸರ್ವರಿಗೂ ಶಾಂತಿ ದೊರೆಯಲಿ ಎಂದು ಹಾರೈಸುತ್ತೇನೆ.